ಟಿಸಿಯ ಮೇಲೆ ಗುಮಾನಿ

ಎಡಗಿವಿಯಲ್ಲಿ ಗುಂಯ್ ಶುರುವಾದಾಗ ನಾನು ಮೊದಲು ಬೈದದ್ದು ಮನೆ ಹಿಂದಿನ ಟಿಸಿಯನ್ನ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರನ್ನ. ಸೊಳ್ಳೆಯ ಸದ್ದಿನಂಥದ್ದಲ್ಲ, ದೂರದಲ್ಲೆಲ್ಲೋ ಲಾರಿಯೊಂದು ಎಂಜಿನ್ ಆರಿಸದೆ ನಿಂತ ಹಾಗೆ, ದಪ್ಪನೆಯ ಸದ್ದು. ತಲೆ ದಿಂಬಿಗಿಟ್ಟರೆ ಸಾಕು, ಹಾಜರ್.

ಟಿಸಿ ನಿರಪರಾಧಿಯೇನಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಸುತ್ತಿಗೆ ಎರಡು ಸಲದಂತೆ ಟಿಸಿಯೊಳಗಿನ ಉಕ್ಕಿನ ತಗಡುಗಳು ಕಾಂತದ ಎಳೆತಕ್ಕೆ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ. ಹಾಗಾಗಿ 100 ಹರ್ಟ್ಸ್ ಗುಂಯ್. ಲೈನ್‌ಮನ್‌ಗೆ ಹೇಳಿದೆ. ಕತ್ತೆತ್ತಿ ನೋಡಿದ. “ಅದು ಹಾಡದೇ ಇದ್ರೆ ನಿಮ್ಮನೇಲಿ ದೀಪ ಉರಿಯಲ್ಲ ಸಾರ್” ಅಂದು ಬೈಕ್ ಹತ್ತಿದ. ತೆಲುಗಲ್ಲಿ ಬೈದುಕೊಂಡೆ. ನಮ್ಮ ಮಂಡಿಕಲ್ ಕಡೆ ಸಿಟ್ಟಿಗೆ ಅದೇ ಸಲೀಸು.

ಆಮೇಲೆ ಬೋರ್‌ವೆಲ್‌ಗಳ ಮೇಲೆ ಅನುಮಾನ. ನಮ್ಮದು ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಸೀಮೆ; ಸಾವಿರ ಅಡಿ ದಾಟಿದ ಕೊಳವೆ, ರಾತ್ರಿ ತ್ರೀ ಫೇಸ್ ಬಂದರೆ ಓಡೋ ಮೋಟರು. ಟಾರ್ಚ್ ಹಿಡಿದು ದ್ರಾಕ್ಷಿ ತೋಟದವರೆಗೂ ಹೋಗಿ ಸ್ಟಾರ್ಟರ್ ಪೆಟ್ಟಿಗೆಗೆ ಕಿವಿ ಕೊಟ್ಟು ಬಂದೆ. ನಾಯಿಯೊಂದು ಜೊತೆಗೆ ಬಂತು, ಕಾವಲಿಗೋ ಗುಮಾನಿಗೋ. “ನಂಗೇನೂ ಕೇಳಿಸ್ತಿಲ್ವಲ್ರೀ” ಅಂದಳು ಹೆಂಡತಿ.

ಅಮೆರಿಕದ ಟಾವೋಸ್ ಊರಲ್ಲೂ ಕೆಲವರಿಗಷ್ಟೇ ಇಂಥ ಸದ್ದು ಕೇಳಿಸಿ, 1993ರಲ್ಲಿ ವಿಜ್ಞಾನಿಗಳು ಹುಡುಕಿ ಹೊರಗಿನ ಮೂಲ ಸಿಗದೆ ವಾಪಸಾಗಿದ್ದರು. ಓದಿ ಭಯವಾಗಬೇಕಿತ್ತು, ಕೊಂಚ ಹೆಮ್ಮೆಯೇ ಆಯ್ತು.

ಒಂದು ರಾತ್ರಿ ಮಳೆಗಾಳಿಗೆ ಕರೆಂಟ್ ಹೋಯ್ತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯ್ತು. ಟಿಸಿ ತೆಪ್ಪಗಾಯ್ತು. ಊರಿಗೆ ಊರೇ ಕತ್ತಲು, ಸೂರಿನ ನೀರು ತೊಟ್ಟಿಕ್ಕೋದು ಎಣಿಸಬಹುದಾದಷ್ಟು ನಿಶ್ಶಬ್ದ. ಗುಂಯ್ ಮಾತ್ರ ಕದಲಲಿಲ್ಲ. ಎಡಗಿವಿಗೆ ಬೆರಳಿಟ್ಟೆ. ಹೊರಗಿನದಾದರೆ ತಗ್ಗಬೇಕಿತ್ತು, ಇನ್ನೂ ಜೋರಾಯ್ತು. ಕಳ್ಳ ಒಳಗೇ ಇದ್ದ.

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ಶ್ರುತಿಕವೆಯನ್ನ ಬಡಿದು ಅದರ ಬುಡವನ್ನ ನನ್ನ ನಡುಹಣೆಗೆ ಒತ್ತಿದರು. “ಯಾವ ಕಡೆ ಕೇಳಿಸ್ತಿದೆ?” ನಡುವೆ ಇಟ್ಟದ್ದು ಸೀದಾ ಎಡಗಿವಿಗೆ ಹೋಗಿ ಕೂತಿತ್ತು. ದಾರಿ ಮುಚ್ಚಿದ ಕಿವಿಗೆ ಮೂಳೆಯ ಮೂಲಕ ಬರುವ ಸದ್ದೇ ಜೋರಂತೆ. ನಾಲ್ಕು ದಿನ ಹನಿ ಬಿಟ್ಟುಕೊಂಡು ಹೋದ ಮೇಲೆ ಬೆಚ್ಚನೆ ನೀರು ಪಿಚಕಾರಿಯಲ್ಲಿ ಹೊಡೆದರು. ಹಿದುಕಿದ ಅವರೆಬೇಳೆಯಷ್ಟು ದಪ್ಪದ ಕಪ್ಪು ಗುಗ್ಗೆ ಟ್ರೇಗೆ ಬಿತ್ತು. ದಿನಾ ಸ್ನಾನದ ಮೇಲೆ ಹತ್ತಿಕಡ್ಡಿ ಹಾಕಿ ಅದನ್ನ ಒಳಕ್ಕೆ ದೂಡಿ ಗಿಡಿದಿದ್ದವನು ನಾನೇ. ಎಲ್ಲರ ಕಿವಿಮೊರೆತವೂ ಇಷ್ಟು ಅಗ್ಗಕ್ಕೆ ಬಗೆಹರಿಯಲ್ಲ. ಒಳಗಿವಿ ಸವೆದು ಬಂದದ್ದಾದರೆ ಅದರ ಜೊತೆಗೇ ಬಾಳಬೇಕಾಗಬಹುದು ಅಂದರು.

ಹೊರಗೆ ಬಂದರೆ ನನ್ನ ಚಪ್ಪಲಿಯ ಸದ್ದೇ ಅತಿಯಾಯ್ತು. ರಾತ್ರಿ ಹಿತ್ತಲ ಬಾಗಿಲಲ್ಲಿ ನಿಂತು ಹೆಂಡತಿಗೆ, ಕಿವಿಯೊಳಗಿನದು ಹೋಯ್ತು, ಆದರೆ ಹೊರಗಿನದು ಈಗ ಸ್ಪಷ್ಟವಾಗಿ ಕೇಳಿಸ್ತಿದೆ ಅಂದೆ.

“ಅದಾ? ಟಿಸಿ ಕಣ್ರೀ. ಮದುವೆಯಾಗಿ ಬಂದಾಗಿಂದ ಕೇಳ್ತಿದ್ದೀನಿ” ಅಂದಳು. “ನೀವು ಬೇರೆ ಯಾವುದೋ ಸದ್ದು ಅಂತಿದ್ದೀರಿ ಅಂದ್ಕೊಂಡಿದ್ದೆ.”