ಬಿದ್ದವರು, ತಳ್ಳಿಸಿಕೊಂಡವರು

ಫುಟ್‌ಬಾಲಿನಲ್ಲಿ ಗೋಲು ಅಪರೂಪ, ನಗು ಧಾರಾಳ. ತೊಂಬತ್ತು ನಿಮಿಷ ಓಡಿ ಸೊನ್ನೆ-ಸೊನ್ನೆ ಎಂದು ಮುಗಿಯುವ ಆಟದಲ್ಲೂ ಒಬ್ಬನಾದರೂ ಜಾರಿ ಬಿದ್ದಿರುತ್ತಾನೆ, ಇಲ್ಲವೇ ಚೆಂಡು ರೆಫರಿಯ ಬೆನ್ನಿಗೆ ಬಡಿದಿರುತ್ತದೆ. ದಿಲ್ಲಿಯ ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ಇಂಥ ವಿಡಿಯೋ ತುಣುಕುಗಳೇ ಎಲೆಯಡಿಕೆ. ಒಂದು ಮೊಬೈಲು, ಆರು ತಲೆ.

2023ರ ಜೂನ್ 21ರಂದು ಬೆಂಗಳೂರಿನ ಕಂಠೀರವದಲ್ಲಿ ಭಾರತ-ಪಾಕಿಸ್ತಾನ ಪಂದ್ಯ. ಪಾಕಿಸ್ತಾನದ ಹುಡುಗ ಚೆಂಡು ಎಸೆಯಲು ಕೈಯೆತ್ತಿದ. ಹಿಂದಿನಿಂದ ನಮ್ಮ ಕೋಚ್ ಇಗೊರ್ ಸ್ಟಿಮಾಚ್ ಬಂದು ತಟ್ಟನೆ ಚೆಂಡು ಬೀಳಿಸಿಬಿಟ್ಟರು! ಕೆಂಪು ಕಾರ್ಡು ಬಂತು. ನಮ್ಮ ಕಡೆ ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟಿನ ಯಜಮಾನ ಮಾಡೋದೂ ಇದನ್ನೇ, ಆದರೆ ಅವನಿಗೆ ಕಾರ್ಡು ತೋರಿಸುವವರಿಲ್ಲ. ಪಂದ್ಯ ಮಾತ್ರ ಭಾರತಕ್ಕೇ, 4-0.

ಕಾಮರ್ಸಿನವನಿಗೆ ಸ್ವಂತ ಗೋಲು ಸ್ವಾರಸ್ಯದ ಲೆಕ್ಕ: ಒದ್ದವನು ನಮ್ಮವನು, ಜಮಾ ಎದುರಾಳಿಯ ಖಾತೆಗೆ. 2024ರ ಫೆಬ್ರವರಿಯಲ್ಲಿ ದಿಲ್ಲಿ ಲೀಗಿನದೇ ಒಂದು ತುಣುಕು ದೇಶವೆಲ್ಲ ಸುತ್ತಿತು. ಆಟಗಾರರು ಆರಾಮಾಗಿ ತಮ್ಮದೇ ಬಲೆಗೆ ಎರಡು ಸಲ ಚೆಂಡು ಸೇರಿಸುತ್ತಾರೆ. ಮೊದಲು ನಕ್ಕೆವು. ಇದು ಮೊದಲೇ ಗೊತ್ತುಮಾಡಿದ ಆಟವೇನೋ ಎಂಬ ಸಂಶಯ ಎದ್ದಾಗ ನಗು ಗಂಟಲಲ್ಲೇ ಉಳಿಯಿತು.

ಇನ್ನೊಂದಿದೆ. 1888ರಲ್ಲಿ ಶಿಮ್ಲಾದಲ್ಲಿ ಹುಟ್ಟಿ, ದಶಕಗಳ ಕಾಲ ದಿಲ್ಲಿಯಲ್ಲಿ ನಡೆದ ಡುರಾಂಡ್ ಕಪ್ 2019ರಲ್ಲಿ ಕೋಲ್ಕತ್ತಕ್ಕೆ ಹೋಯಿತು. 2022ರ ಸೆಪ್ಟೆಂಬರ್ 18ರಂದು ನಮ್ಮ ಬೆಂಗಳೂರು ತಂಡ ಮುಂಬಯಿಯನ್ನು 2-1ರಿಂದ ಸೋಲಿಸಿತು. ಕಪ್ ಪಡೆಯುವ ಹೊತ್ತಿಗೆ ಬಂಗಾಳದ ಆಗಿನ ರಾಜ್ಯಪಾಲರು, ಫೋಟೋಕ್ಕೆ ಅಡ್ಡ ಅಂತಲೋ ಏನೋ, ನಾಯಕ ಸುನಿಲ್ ಛೆಟ್ರಿಯ ಹೆಗಲಿಗೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು. ಗೆದ್ದವನು ಬದಿಗೆ, ಕೊಡುವವರು ಮಧ್ಯಕ್ಕೆ!

ರೂಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅರ್ಧವೇ ನಗು ಬಂತು. ಕನ್ನಡ ಮೀಡಿಯಮ್ಮಿನಿಂದ ಬಂದ ನಮಗೆ ಆ ಕೈಯ ಪರಿಚಯವಿದೆ. ಚರ್ಚೆಗೆ ಟಿಪ್ಪಣಿ ಬರೆಯುವವರು ನಾವು, ವೇದಿಕೆಯ ಮೇಲೆ ಇಂಗ್ಲಿಷ್ ಚೆನ್ನಾಗಿ ಬರುವವರು. ಮೃದುವಾಗಿಯೇ ಸರಿಸುತ್ತಾರೆ ಮಾರಾಯ್ರೇ, ನೋವೂ ಆಗೋಲ್ಲ.

ಛೆಟ್ರಿ ಹುಡುಗನಾಗಿದ್ದಾಗ ದಿಲ್ಲಿಯ ಸಿಟಿ ಕ್ಲಬ್ಬಿಗೆ ಆಡಿದವರು. 2018ರ ಜೂನಿನಲ್ಲಿ ಖಾಲಿ ಗ್ಯಾಲರಿ ಕಂಡು ಬೇಸತ್ತು ತಾವೇ ಒಂದು ವಿಡಿಯೋ ಮಾಡಿದ್ದರು: ಬೇಕಾದರೆ ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಅಂತ. ಮುಂದಿನ ಪಂದ್ಯಕ್ಕೆ ಮುಂಬಯಿಯ ಮೈದಾನ ತುಂಬಿತು.

ಮಿತ್ರರೇ, ಜಾರಿ ಬಿದ್ದವನನ್ನು ನೋಡಿ ನಗೋಣ, ಎದ್ದು ಅವನೂ ನಗುತ್ತಾನೆ. ತಳ್ಳಿಸಿಕೊಂಡವನ ವಿಷಯ ಬೇರೆ. ಅಲ್ಲಿ ನಗಬೇಕಾದ್ದು ತಳ್ಳಿದ ಕೈಯನ್ನು ನೋಡಿ.