ಹಳಿ ನಿಂತಿರಲಿಲ್ಲ



ಗದಗಿನ ಸಮೀಪದ ನಮ್ಮ ಕಳಸಾಪುರದಿಂದ ನನ್ನ ಸೋದರತ್ತೆಯನ್ನು 1954ರಲ್ಲಿ ಸೊಲ್ಲಾಪುರಕ್ಕೆ ಮದುವೆ ಮಾಡಿಕೊಟ್ಟಾಗ ಆಕೆ ಯಾವ ರಾಜ್ಯದ ಗಡಿಯನ್ನೂ ದಾಟಲಿಲ್ಲ. ಗದಗ, ಸೊಲ್ಲಾಪುರಗಳೆರಡೂ ಆಗ ಮುಂಬಯಿ ರಾಜ್ಯದಲ್ಲಿದ್ದವು. ಗದಗಿನಲ್ಲಿ ರೈಲು ಹತ್ತಿದರೆ ವಿಜಾಪುರ, ಹೊಟಗಿಯ ಮಾರ್ಗವಾಗಿ ಆಕೆಯ ಊರು. ತವರು ಮನೆ, ಗಂಡನ ಮನೆಗಳು ಒಂದೇ ಹಳಿಯ ಎರಡು ತುದಿಗಳಾಗಿದ್ದವು.

1956ರ ನವೆಂಬರ್ 1ರಂದು ನಮ್ಮ ಧಾರವಾಡ ಜಿಲ್ಲೆಯು ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳೊಡನೆ ಮುಂಬಯಿ ರಾಜ್ಯದಿಂದ ಹೊರಬಂದು ಮೈಸೂರು ರಾಜ್ಯವನ್ನು ಸೇರಿತು. ಹಿರಿಯರು ದಶಕಗಳ ಕಾಲ ಹಂಬಲಿಸಿದ ಏಕೀಕರಣ ಅದು, ನ್ಯಾಯವಾದುದೇ. ಆದರೆ ಪಾಲಿನ ಲೆಕ್ಕ ಮುಗಿಯಲಿಲ್ಲ. ಬೆಳಗಾವಿ ತಮ್ಮದೆಂದು ಅವರು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು ನಮ್ಮವರೆಂದು ನಾವು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ನೀಡಿ, ಬೆಳಗಾವಿ ನಗರ ಇಲ್ಲಿಯೇ ಉಳಿಯಲೆಂದಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು.

ಈ ವ್ಯಾಜ್ಯ ನಮ್ಮ ಮನೆಯೊಳಗೂ ಬಂದೀತೆಂದು ನಾನು ಎಣಿಸಿರಲಿಲ್ಲ. 2022ರ ಡಿಸೆಂಬರಿನಲ್ಲಿ ಗಡಿಯ ಗಲಭೆ ಮತ್ತೆ ಎದ್ದಿತು. ಇಲ್ಲಿ ಅವರ ಲಾರಿಗಳಿಗೆ ಕಲ್ಲು ಬಿದ್ದವು. ಅಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಅದೇ ದಿನಗಳಲ್ಲಿ ಅತ್ತೆಯ ಮಗ ದೂರವಾಣಿಯಲ್ಲಿ ಮಾತನಾಡುವಾಗ ಬೆಳಗಾವಿಯ ಮಾತು ತೆಗೆದ. ನಾನೂ ಬಿಡಲಿಲ್ಲ. "ನಿಮ್ಮವರು", "ನಮ್ಮವರು" ಎಂಬ ಪದಗಳು ನಮ್ಮಿಬ್ಬರ ನಡುವೆ ಮೊದಲ ಸಲ ಬಂದವು. ವಾರದೊಳಗೆ ಅತ್ತೆ ಹಾಸಿಗೆ ಹಿಡಿದರೆಂದು, ನನ್ನನ್ನು ಕೇಳುತ್ತಿರುವರೆಂದು ಸುದ್ದಿ ಬಂದಿತು. "ಬಸ್ಸುಗಳು ನಿಂತಿವೆಯಲ್ಲ" ಎಂದೆ. ಓದುಗರೇ, ಬಸ್ಸು ನಿಂತಿದ್ದುದು ನಿಜ. ಆದರೆ ರೈಲು ನಿಂತಿರಲಿಲ್ಲ. ಕ್ರಿಸ್ತಜಯಂತಿಗೆ ಮುನ್ನವೇ ಅತ್ತೆ ಪ್ರಭುವಿನ ಪಾದ ಸೇರಿದರು.

ಆ ಬಳಿಕ ಅರಸುಗಳ ಮೊದಲನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ನೊಗವನ್ನು ಹಗುರ ಮಾಡೆಂದು ಜನರು ಬೇಡಿದರೂ ರೆಹಬ್ಬಾಮನು ಕಿವಿಗೊಡಲಿಲ್ಲ. ಹತ್ತು ಕುಲಗಳು ರಾಜ್ಯವನ್ನು ಬಿಟ್ಟುಹೋದವು. ಅರಸನು ಸೈನ್ಯ ಕೂಡಿಸಿದಾಗ ಪ್ರವಾದಿ ಶೆಮಾಯನು ದೇವರ ಮಾತು ತಂದು ತಡೆದನು: ಅವರು ನಿಮ್ಮ ಸಹೋದರರು, ಯುದ್ಧ ಬೇಡವೆಂದು. ಗಮನಿಸಿ, ದೇವರು ರಾಜ್ಯದ ವಿಭಜನೆಯನ್ನು ಅನುಮತಿಸಿದರು, ಸಹೋದರತ್ವದ ವಿಭಜನೆಯನ್ನಲ್ಲ. ಆದರೆ ತನ್ನ ಜನರು ಜೆರುಸಲೇಮಿಗೆ ಹೋದರೆ ಅವರ ಮನಸ್ಸು ಅತ್ತ ತಿರುಗೀತೆಂದು ಯಾರೊಬ್ಬಾಮನು ಹೆದರಿದನು. ಬೇತೇಲ್, ದಾನ್ ಊರುಗಳಲ್ಲಿ ಚಿನ್ನದ ಕರುಗಳನ್ನು ನಿಲ್ಲಿಸಿದನು. ಅಗಲಿಕೆಗಿಂತ ಆ ಭಯವೇ ಹೆಚ್ಚು ಕೆಡಿಸಿತು. ಶತಮಾನಗಳು ಕಳೆದು ಪ್ರಭು ಯೇಸುವಿನ ಕಾಲಕ್ಕೆ ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಆ ದೂರವನ್ನು ಪ್ರಭು ಹೇಗೆ ದಾಟಿದರು? ಬಾವಿಯ ಬಳಿ ಕುಳಿತು, ಸಮಾರ್ಯದ ಹೆಣ್ಣುಮಗಳಲ್ಲಿ ಕುಡಿಯಲು ನೀರು ಕೇಳಿದರು. ಕೊಡುವವರಾಗಿ ಅಲ್ಲ, ಬೇಡುವವರಾಗಿ.

ಅತ್ತೆಯ ತಿಂಗಳ ಪೂಜೆಗೆ ನಾನು ರೈಲಿನಲ್ಲಿಯೇ ಹೋದೆ. ಬಾಗಿಲಲ್ಲಿ ನಿಂತು, "ಅಣ್ಣಾ, ಕುಡಿಯಾಕ ನೀರು ಕೊಡು" ಎಂದೆ. ಆತ ತುಂಬಿದ ತಂಬಿಗೆ ತಂದ. ಇಬ್ಬರೂ ಅತ್ತೆವು. ಬೆಳಗಾವಿಯ ಬಗ್ಗೆ ನಮ್ಮ ಅಭಿಪ್ರಾಯಗಳು ಇಂದಿಗೂ ಬೇರೆಯೇ. ನ್ಯಾಯಾಲಯದ ಕೆಲಸ ನ್ಯಾಯಾಲಯಕ್ಕಿರಲಿ.

ನಿಮ್ಮ ಮನೆಯಲ್ಲಿಯೂ ಪಾಲು ಆಗಿರಬಹುದು. ಹೊಲ, ಮನೆ, ಬಾವಿ ಬೇರೆಯಾಗಿರಬಹುದು. ಹೋಗಲಾಗದೆಂದು ನೀವು ಹೇಳುವ ದಾರಿ ನಿಜವಾಗಿ ನಿಂತಿದೆಯೇ? ಇಂದು ರಾತ್ರಿ ಜಪಸರದ ಬಳಿಕ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.