ಕಾಣದ ಕಬ್ಬಿಣಕ್ಕೆ ದುಡ್ಡು

ಕಾರಿಗೆ ಸೂಪರ್‌ಚಾರ್ಜರ್ ಹಾಕ್ತೀನಿ ಅಂದ ಕೂಡ್ಲೇ ಎಲ್ಲರೂ ಕೇಳೋದು ಒಂದೇ, "ಎಷ್ಟು ಹಾರ್ಸ್‌ಪವರ್ ಬರುತ್ತೆ?" ಅಂತ. ಬ್ಲಾಕ್ ಯಾವುದು ಅಂತ ಯಾರೂ ಕೇಳಲ್ಲ. ಪಾಪ, ಅದು ಬಾನೆಟ್ ಎತ್ತಿ ತೋರಿಸೋಂಥ ವಸ್ತು ಅಲ್ಲ ನೋಡಿ...

ಇಲ್ಲಿ ಮಿಶಿಗನ್ನಿನಲ್ಲಿ ನನ್ನ ಹತ್ರ ಇರೋದು 1991ರ ಫೋರ್ಡ್ ಮಸ್ಟಾಂಗ್. 5.0 ಲೀಟರ್ ವಿ8, ಕಾರ್ಖಾನೆಯಿಂದ ಬಂದಾಗ 225 ಹಾರ್ಸ್‌ಪವರ್. ಸೂಪರ್‌ಚಾರ್ಜರ್ ಅಂದ್ರೆ ಎಂಜಿನ್ನೇ ಬೆಲ್ಟ್ ಹಾಕಿ ತಿರುಗಿಸೋ ಗಾಳಿ ಪಂಪು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 14.7 ಪಿಎಸ್ಐ. ಅದರ ಮೇಲೆ 10 ಪಿಎಸ್ಐ ತುರುಕಿದ್ರೆ ಲೆಕ್ಕದ ಪ್ರಕಾರ ಮೂರನೇ ಎರಡು ಪಾಲು ಹೆಚ್ಚು ಗಾಳಿ. ಗಾಳಿ ಬಿಸಿಯಾಗೋದ್ರಿಂದ ನಿಜದಲ್ಲಿ ಸ್ವಲ್ಪ ಕಮ್ಮಿ. ಗಾಳಿ ಜಾಸ್ತಿ ಆದ್ರೆ ಪೆಟ್ರೋಲು ಜಾಸ್ತಿ, ಪಿಸ್ಟನ್ ಮೇಲೆ ಬೀಳೋ ಪೆಟ್ಟೂ ಜಾಸ್ತಿ. ಆ ಪೆಟ್ಟು ಪಿಸ್ಟನ್ನಿಂದ ಕ್ರ್ಯಾಂಕಿಗೆ, ಕ್ರ್ಯಾಂಕಿಂದ ಬ್ಲಾಕಿಗೆ. ಕೊನೇಗೆ ತಡ್ಕೋಬೇಕಾದ್ದು ಬ್ಲಾಕೇ.

ನನ್ನ ಕಾರಿನ ಬ್ಲಾಕಿಗೆ ಹುಚ್ಚರ ಬಳಗದಲ್ಲಿ 302 ಅಂತ ಹೆಸರು. ಎರಕ ತೆಳು, ಕ್ರ್ಯಾಂಕ್ ಹಿಡಿಯೋ ಕ್ಯಾಪುಗಳಿಗೆ ಎರಡೆರಡೇ ಬೋಲ್ಟು. 500 ಹಾರ್ಸ್‌ಪವರ್ ಆಸುಪಾಸಿನಿಂದ ಮೇಲೆ ದೇವರೇ ಗತಿ. ಕ್ಯಾಪುಗಳು ಅಲುಗಾಡುತ್ತವೆ, ಬಿರುಕು ಬೇರಿಂಗ್ ಪಕ್ಕದಿಂದ ಮೇಲಕ್ಕೆ ಹತ್ತುತ್ತೆ, ಬ್ಲಾಕ್ ಉದ್ದುದ್ದ ಸೀಳಿ ಎರಡು ಹೋಳು! ಕ್ಯಾಪುಗಳನ್ನೆಲ್ಲ ಸೇರಿಸಿ ಬಿಗಿಯೋ ಗರ್ಡಲ್ ಅಂತ ಒಂದು ಸಿಗುತ್ತೆ. ಆದ್ರೆ ಸೀಳೋದು ಕ್ಯಾಪ್ ಅಲ್ಲ, ಅದರ ಮೇಲಿನ ಎರಕ.

ರೇಸ್ ಟ್ರ್ಯಾಕಲ್ಲಾದ್ರೆ ಎಳೆದುಕೊಂಡು ಹೋಗೋಕೆ ಜನ ಇರ್ತಾರೆ. ನಂದು ರಸ್ತೆ ಕಾರು. ಹೈವೇಲಿ 70 ಮೈಲಿ ಸ್ಪೀಡಲ್ಲಿ, ಪಕ್ಕದಲ್ಲಿ ಮಗಳು ಕೂತಿರುವಾಗ, ಆಯಿಲ್ಲೂ ಕೂಲಂಟೂ ಹಿಂದಿನ ಚಕ್ರದ ಕೆಳಗೆ ಚೆಲ್ಲಿದ್ರೆ? ಈ ಪ್ರಶ್ನೆ ಬಂದಮೇಲೆ ಹಾರ್ಸ್‌ಪವರ್ ಲೆಕ್ಕ ಪಕ್ಕಕ್ಕಿಟ್ಟೆ.

ಫೋರ್ಡ್‌ನವರೇ ಏನು ಮಾಡಿದ್ರು ನೋಡಿ. 2001ರ ಮಸ್ಟಾಂಗ್ ಕೋಬ್ರಾದಲ್ಲಿ ಅಲ್ಯೂಮಿನಿಯಂ ಬ್ಲಾಕ್ ಇತ್ತು. 2003ರಲ್ಲಿ ಅದಕ್ಕೆ ಸೂಪರ್‌ಚಾರ್ಜರ್ ಹಾಕಿ 390 ಹಾರ್ಸ್‌ಪವರ್ ಮಾಡಿದಾಗ, ತೂಕ ಹೆಚ್ಚಾದ್ರೂ ಪರವಾಗಿಲ್ಲ ಅಂತ ಕಬ್ಬಿಣದ ಬ್ಲಾಕಿಗೆ ಬಂದ್ರು.

ನನ್ನ ಮುಂದೆ ಇದ್ದದ್ದು ಮೂರು ದಾರಿ. ಒಂದು, ಇದೇ ಬ್ಲಾಕ್ ಇಟ್ಕೊಂಡು ಬೂಸ್ಟ್ ಕಮ್ಮಿ ಮಾಡಿ ಹಾಸಿಗೆ ಇದ್ದಷ್ಟು ಕಾಲು ಚಾಚೋದು. ತಪ್ಪೇನಿಲ್ಲ, ಆದ್ರೆ ನನ್ನ ಕಾಲು ನನಗೆ ಗೊತ್ತು!

ಎರಡನೇದು, ಗುಜರಿಯಲ್ಲಿ ಹಳೇ ಫೋರ್ಡ್ ಟ್ರಕ್ಕಿನ 351 ವಿಂಡ್ಸರ್ ಹುಡುಕೋದು. 302ರ ಅಣ್ಣ ಇದ್ದ ಹಾಗೆ. ಕ್ರ್ಯಾಂಕಿನ ಮೇನ್ ಜರ್ನಲ್ 302ರಲ್ಲಿ ಎರಡೂಕಾಲು ಇಂಚು, ಇದರಲ್ಲಿ ಮೂರು ಇಂಚು. ಬ್ಲಾಕೂ ಗಟ್ಟಿ, ರೇಟೂ ಅಗ್ಗ. ಆದ್ರೆ ಡೆಕ್ 1.3 ಇಂಚು ಎತ್ತರ. ಅಂದ್ಮೇಲೆ ಇನ್‌ಟೇಕ್ ಬೇರೆ, ಎಕ್ಸಾಸ್ಟ್ ಹೆಡರ್ ಬೇರೆ, ಸೂಪರ್‌ಚಾರ್ಜರ್ ಬ್ರ್ಯಾಕೆಟ್ ಕೂರಿಸೋಕೆ ಒದ್ದಾಟ, ಬಾನೆಟ್ ಮುಚ್ಚುತ್ತೋ ಇಲ್ವೋ ಅನ್ನೋ ಅನುಮಾನ. ಜೊತೆಗೆ ಹಳೇ ಬ್ಲಾಕಿಗೆ ಬಿರುಕು ಪರೀಕ್ಷೆ, ಸಿಲಿಂಡರ್ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಸಾನಿಕ್ ಟೆಸ್ಟು, ಬೋರಿಂಗು. ಎಲ್ಲಾ ಕೂಡಿಸಿದ್ರೆ ಅಗ್ಗ ಅನ್ನೋದು ಆವಿ.

ಮೂರನೇದು, ಡಾರ್ಟ್‌ನಂಥ ಕಂಪನಿಗಳು 302ರ ಅಳತೆಯಲ್ಲೇ ಮಾಡೋ ಹೊಸ ಬ್ಲಾಕು. ಗೋಡೆ ದಪ್ಪ, ನಡುವಿನ ಮೂರು ಕ್ಯಾಪಿಗೆ ನಾಲ್ಕು ನಾಲ್ಕು ಬೋಲ್ಟು. ನನ್ನ ಹೆಡ್ಡು, ಇನ್‌ಟೇಕು, ಹೆಡರ್ರು ಎಲ್ಲಾ ಇದಕ್ಕೇ ಕೂರುತ್ತೆ. ಬರೀ ಬ್ಲಾಕಿಗೇ ಎರಡು ಸಾವಿರ ಡಾಲರ್ ದಾಟುತ್ತೆ, ನಿಜ. ಆದ್ರೆ ಮಿಕ್ಕಿದ್ದನ್ನ ಯಾವಾಗ ಬೇಕಾದ್ರೂ ಬದಲಾಯಿಸಬಹುದು, ಬ್ಲಾಕ್ ಬದಲಾಯಿಸಬೇಕಂದ್ರೆ ಇಡೀ ಎಂಜಿನ್ ಬಿಚ್ಚಬೇಕು.

ಹಾಗಾಗಿ ಈ ವರ್ಷದ ದುಡ್ಡೆಲ್ಲ ಬ್ಲಾಕಿಗೆ, ಸೂಪರ್‌ಚಾರ್ಜರ್ ಮುಂದಿನ ವರ್ಷ. "ಅಷ್ಟು ಖರ್ಚು ಮಾಡಿದ್ರೂ ಕಾರು ಒಂದಿಷ್ಟೂ ಜೋರಾಗಿ ಓಡಲ್ವಾ?" ಅಂದ್ಲು ಹೆಂಡತಿ. ಇಲ್ಲ ಅಂದೆ. "ಸದ್ಯ, ಒಳ್ಳೇದೇ ಆಯ್ತು" ಅಂತ ಒಳಗೆ ಹೋದ್ಲು :-)